ಹಡಗಿಗೆ ರಿಲೀವರ್ ಬೇಕು

ಮೊನ್ನೆ ನನ್ನ ಹಳೇ ಕಥೆಪುಸ್ತಕ ಬಿಚ್ಚಿದಾಗ ಮಿಷಿನ್ ಎಣ್ಣೆಯ ವಾಸನೆ ಎಷ್ಟು ಜೋರಾಗಿ ಬಡಿಯಿತೆಂದರೆ, ನಮ್ಮ ದೊಡ್ಡನೆಕ್ಕುಂದಿಯಿಂದ ಮಹದೇವಪುರದವರೆಗೆ ಜನ ಮೂಗು ಮುಚ್ಚಿಕೊಂಡಿರಬೇಕು. ಕೊನೆಯ ಪುಟದಲ್ಲಿ ಕಪ್ಪನೆಯ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು.

ಆ ಹೆಬ್ಬೆಟ್ಟು ಪಕ್ಕದ ಮನೆ ತಾತನದು. ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮಿಷಿನ್ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವರು. ರಿಟೈರ್ ಆದಮೇಲೆ ಶೆಡ್ಡಿನಲ್ಲೊಂದು ಹಳೇ ಲೇತ್ ಇಟ್ಟುಕೊಂಡು ಬೀದಿಯವರ ಗೇಟು, ಪಂಪುಗಳಿಗೆ ನಟ್ಟು ಬೋಲ್ಟು ಕಡೆದು ಕೊಡುತ್ತಿದ್ದರು. ನಾನಾಗ ಏಳನೇ ಕ್ಲಾಸು. ಬೀದಿಯಲ್ಲೇ ಅತಿ ಬುದ್ಧಿವಂತ. ಇದನ್ನು ನಾನೇ ಹೇಳಬೇಕಾಗಿ ಬಂದದ್ದು ಬೀದಿಯವರ ತಪ್ಪು.

ಆ ಪುಸ್ತಕ ಯಾವುದೋ ವಿಡಿಯೋ ಗೇಮಿನ ಕಥೆ ಹಿಡಿದು ಬರೆದ ಇಂಗ್ಲಿಷ್ ಕಾದಂಬರಿ. ಯಾರೂ ಇಲ್ಲದ ಆಕಾಶದ ಹಡಗಿನೊಳಗೆ ಐದು ಜನ ನುಗ್ಗಿ ಹುಡುಕಾಡುತ್ತಾರೆ. ಶೆಡ್ಡಿನಲ್ಲಿ ಕೂತು ತಾತನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಪುಸ್ತಕದಲ್ಲಿ ಒಬ್ಬ ರಾಕ್ಷಸನೂ ಇರಲಿಲ್ಲ. ನಾನು ಹದಿನಾಲ್ಕು ಜನರನ್ನು ಸೇರಿಸಿದ್ದೆ. ತಾತ ಒಬ್ಬನಿಗೂ ಹೆದರಲಿಲ್ಲ.

"ಅದಿರ್ಲಿ ಮಗಾ, ಇಂಜಿನ್ ಇನ್ನೂ ಓಡ್ತಿದೆ ಅಂದ್ಯಲ್ಲ, ಎಣ್ಣೆ ಯಾರ್ ಬಿಡ್ತಿದಾರೆ?"

"ಯಾರೂ ಇಲ್ಲ ತಾತ. ಎಲ್ಲಾ ಬಿಟ್ಟು ಹೋಗ್ಬಿಟ್ಟಿದಾರೆ."

"ರಿಲೀವರ್ ಬರ್ದೇನೇ? ಥೂ, ಅವ್ರೂ ಕೆಲಸಗಾರ್ರೇನೋ!"

ಅವರ ಕಾರ್ಖಾನೆಯಲ್ಲಿ ಮುಂದಿನ ಪಾಳಿಯವನು, ಅಂದರೆ ರಿಲೀವರ್, ಬಂದು ಮಿಷಿನ್ ಮೇಲೆ ಕೈ ಇಡುವವರೆಗೆ ಹಿಂದಿನವನು ಜಾಗ ಬಿಡುವಂತಿರಲಿಲ್ಲವಂತೆ. ಕಥೆಯ ಕೊನೆಗೆ ಆ ಐವರು ಹಡಗನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಕೇಳಿದ್ದೇ ತಾತ ಎಣ್ಣೆಗೈಯಲ್ಲೇ ಆ ಪುಟವನ್ನು ಒತ್ತಿ ಹಿಡಿದರು. "ತಪ್ಪು ಇದು. ಒಬ್ಬ ಉಳ್ಕೊಂಡ ಅಂತ ಬರಿ." ಪೆನ್ಸಿಲಿನಲ್ಲಿ ಬರೆದೆ.

ಹೋದ ವರ್ಷ ತಾತ ಹೋಗಿಬಿಟ್ಟರು... ಅವತ್ತು ನಾನು ಒಂದೂ ತಮಾಷೆ ಮಾಡಲಿಲ್ಲ.

ತಿಂಗಳೊಳಗೆ ಅವರ ಮಗಳು ಗುಜರಿಯವನನ್ನು ಕರೆಸಿದರು. ನಾನು ಹೋಗಿ ಲೇತ್ ಮೇಲೆ ಕೈ ಇಟ್ಟು ನಿಂತೆ.

"ಸರಿಯೋ ಆಕಡೆ. ಅಪ್ಪ ಇಲ್ಲ, ಇನ್ಯಾರು ಓಡಿಸ್ತಾರೆ ಇದನ್ನ?"

"ರಿಲೀವರ್ ಬಂದಿದೀನಿ ಆಂಟಿ."

ಗುಜರಿ ಅಣ್ಣ ನಕ್ಕ. "ಓಡ್ಸಕ್ ಬರುತ್ತಾ ಗುರು?"

"ಬರುತ್ತೆ" ಅಂದೆ. ಹದಿನಾಲ್ಕು ರಾಕ್ಷಸರಿಗಿಂತ ದೊಡ್ಡ ಸುಳ್ಳು ಅದು. ಆಂಟಿ ಲೇತ್ ಮೇಲಿದ್ದ ನನ್ನ ಕೈಯನ್ನೇ ನೋಡಿದರು. "ಮುಂದಿನ ಆಯುಧ ಪೂಜೆವರೆಗೂ ಟೈಮು. ಒಂದು ಬೋಲ್ಟ್ ಮಾಡಿ ತೋರ್ಸು. ಇಲ್ಲಾಂದ್ರೆ ಮಿಷಿನ್ ಹೋಗುತ್ತೆ."

ಪೂಜೆಗೆ ಇನ್ನು ಒಂಬತ್ತೇ ದಿನ. ನಾನು ಕಡೆದ ಬೋಲ್ಟು ಭೂಮಿಯ ಮೇಲಿನ ಯಾವ ನಟ್ಟಿಗೂ ಕೂರುತ್ತಿಲ್ಲ. ತಾತ ಇದ್ದಿದ್ದರೆ ಬೈದು, ನನ್ನ ಕೈ ಮೇಲೆ ಕೈ ಇಟ್ಟು ತೋರಿಸುತ್ತಿದ್ದರು... ಈಗ ತೋರಿಸುವವರಿಲ್ಲ. ಎಣ್ಣೆ ಮಾತ್ರ ದಿನಾ ಬಿಡುತ್ತಿದ್ದೇನೆ. ಗುಜರಿ ಅಣ್ಣ ಬೇಕಿದ್ದರೆ ಲಾರಿ ತಂದು ಗೇಟಿನಲ್ಲೇ ನಿಲ್ಲಿಸಿಕೊಳ್ಳಲಿ. ನನ್ನ ರಿಲೀವರ್ ಇನ್ನೂ ಬಂದಿಲ್ಲ.