ಹೊಟ್ಟೆ ಇರೋ ಸದ್ದು

ನನ್ನ ಮೊದಲ ಹಾಡನ್ನು ರೆಕಾರ್ಡ್ ಮಾಡಿದವರ ಸ್ಟುಡಿಯೋ ಮಂಡಿಪೇಟೆಯಲ್ಲಿ, ಅಕ್ಕಿ ಅಂಗಡಿಯ ಮಹಡಿ ಮೇಲಿತ್ತು. ನಾನು ಹಾಡಿದ್ದು ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಆಮೇಲೆ ನಾಲ್ಕು ದಿನ ಹರಿಹರದಿಂದ ಬಸ್ಸಿಗೆ ಬಂದು ಸುಮ್ಮನೆ ಕೂತೆ. ರೆಕಾರ್ಡ್ ಮಾಡೋ ಇವರು ಕಂಪ್ಯೂಟರಿನಲ್ಲಿ ಒಂದೇ ಒಂದು ಡ್ರಮ್ಮಿನ ಪೆಟ್ಟು ತಿದ್ದುತ್ತಿದ್ದರು. ಧಬ್ ಅನ್ನಿಸೋರು, ಕಣ್ಣು ಮುಚ್ಚೋರು, ಹೊಟ್ಟೆ ಮೇಲೆ ಅಂಗೈ ಇಟ್ಟು ತಲೆಯಾಡಿಸೋರು.

"ಇದಕ್ಕೆ ಹೊಟ್ಟೆನೇ ಇಲ್ರಿ."

"ನನ್ನ ದನಿ ಹೆಂಗೈತ್ರಿ?" ಅಂದರೆ, "ಅದು ಐತೆ ಬಿಡ್ರಿ" ಅನ್ನೋರು.

ಐದನೇ ದಿನ ಕೆಳಗೆ ಹಮಾಲರು ಲಾರಿಯಿಂದ ಅಕ್ಕಿ ಚೀಲ ಇಳಿಸುತ್ತಿದ್ದರು. ಒಬ್ಬನ ಚೀಲ ಜಾರಿ ನೆಲಕ್ಕೆ ಬಿತ್ತು. ನಮ್ಮ ಕುರ್ಚಿ ನಡುಗಿತು. ಇವರ ಅಂಗೈ ಹೊಟ್ಟೆಗೆ ಹೋಯಿತು. ಮೈಕ್ ಹಿಡಿದು ಮೆಟ್ಟಿಲಿಳಿದು ಓಡಿದರು.

"ಇನ್ನೊಂದು ಸಲ ನೆಲಕ್ಕೆ ಒಗೀರಿ ಅಣ್ಣಾ, ಸ್ವಲ್ಪ ಸಿಟ್ಟಿನಿಂದ!"

ಏಳನೇ ಸಲಕ್ಕೆ ಚೀಲ ಒಡೆದು ಅಕ್ಕಿ ರಸ್ತೆಗೆ ಹರಡಿತು. ಅಂಗಡಿ ಸಾವ್ಕಾರ್ರು ಬಾಯಿಗೆ ಬಂದಂಗೆ ಬೈಯತೊಡಗಿದರು.

"ತಡೀರಿ ಸಾವ್ಕಾರ್ರೇ, ಬೈಗುಳ ಮೈಕಿನಾಗೆ ಬರ್ತೈತೆ" ಅಂದರು ಇವರು.

ಹಾಡು ಬಂದ ವಾರ ಇಬ್ಬರೂ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆವು. ಅಂಗಡಿಯವನು ಅದನ್ನೇ ಹಾಕಿದ. ಯಾರಾದರೂ ನನ್ನ ದನಿ ಗುರುತಿಸಲಿ ಅಂತ ನಾನು ಕತ್ತು ಉದ್ದ ಮಾಡಿದೆ. ಅಷ್ಟರಲ್ಲಿ ಆ ಹಮಾಲ ಲೋಟ ಕೆಳಗಿಟ್ಟು ಎದ್ದು ನಿಂತ.

"ಕೇಳ್ರೋ, ಅದು ನಾ ಒಗೆದ ಚೀಲ!"

ಎಲ್ಲರೂ ಅವನ ಬೆನ್ನು ತಟ್ಟಿದರು. ಒಬ್ಬರು ಮಾತ್ರ, "ಹಾಡ್ತಿರೋದು ಯಾರ್ರಿ?" ಅಂತ ಕೇಳಿದರು.

ಇವರು ಹೊಟ್ಟೆ ಮೇಲಿನ ಅಂಗೈ ತೆಗೆಯದೆ ಹೇಳಿದರು:

"ಯಾರೋ ಹರಿಹರದೋರು. ಸುಮ್ಮನಿರ್ರಿ, ಚೀಲ ಕೇಳ್ರಿ."