ಖಾನಾಪುರ ರಸ್ತೆಯ ಕೆಂಪು ಚುಕ್ಕೆ

ನನ್ನ ಗಂಡ ಸಿಗರೇಟು ಸೇದುತ್ತಾರೆಂಬುದು ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಗಿತ್ತು. ಮನೆಯೊಳಗೆ ಎಂದೂ ಸೇದಿದವರಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯಿಂದ ಬಂದಾಗ ಅಂಗಿಯಲ್ಲಿ ಸುಟ್ಟ ಮರಳಿನ ವಾಸನೆಯೂ ಹೊಗೆಯ ವಾಸನೆಯೂ ಕೂಡಿಯೇ ಇರುತ್ತಿದ್ದವು. ನಾನು ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದೆ.

ಮಗಳು ಹೋದ ಮೇಲೆ ನಮ್ಮಲ್ಲಿ ಮಾತು ಕಡಿಮೆಯಾಯಿತು. ನಮಗಿದ್ದವಳು ಅವಳೊಬ್ಬಳೇ. ಕಾಲೇಜಿನ ರಜೆಗೆಂದು ಖಾನಾಪುರದ ನನ್ನ ತವರಿಗೆ ಹೋದವಳನ್ನು ಕರೆದುಕೊಂಡು ಬರಲು ಇವರು ಬೈಕಿನ ಮೇಲೆ ಹೋಗಿದ್ದರು. ಬರುವಾಗ ದೇಸೂರಿನ ಹತ್ತಿರ ಗಾಡಿ ಪಂಕ್ಚರ್ ಆಯಿತು, ನಿಲ್ಲಿಸಿ ನೋಡುತ್ತಿದ್ದಾಗ ಹಿಂದಿನಿಂದ ಲಾರಿ ಬಂತು ಎಂದು ಹೇಳಿದರು. ಪೊಲೀಸರಿಗೂ ಹಾಗೆಯೇ ಹೇಳಿದರು. ಇವರ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಮಗಳಿಗೆ ಮಣ್ಣು ಕೊಟ್ಟ ದಿನ ಎಲ್ಲರೂ ಅತ್ತರು, ಇವರು ಅಳಲಿಲ್ಲ.

ಮುಂದಿನ ವರ್ಷ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ನಡೆದಾಗ ಸಂಶೋಧನೆ ಮಾಡುವವರು ಬಂದಿದ್ದರಂತೆ. ಸಿಗರೇಟು ಸೇದುವವರು ಎಲ್ಲಿ, ಯಾವಾಗ, ಯಾವ ಮನಸ್ಥಿತಿಯಲ್ಲಿ ಸೇದುತ್ತಾರೆಂದು ತಿಳಿಯುವುದು ಅವರ ಉದ್ದೇಶ. ಇವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಇವರು ಹೋದಲ್ಲೆಲ್ಲ ಅದು ಗುರುತು ಇಟ್ಟುಕೊಳ್ಳುತ್ತದೆ, ಸಿಗರೇಟು ಹಚ್ಚಿದಾಗಲೆಲ್ಲ ಇವರು ಅದರಲ್ಲಿ ಒತ್ತಬೇಕು, ಆಗಾಗ ಅದು ಟಿಣ್ ಎಂದು ಪ್ರಶ್ನೆ ಕೇಳುತ್ತದೆ. ಯಾರ ಹತ್ತಿರವೂ ಮನಸ್ಸು ಬಿಚ್ಚದ ಮನುಷ್ಯ ಇದಕ್ಕೆ ಹೇಗೆ ಒಪ್ಪಿದರೋ ನನಗೆ ತಿಳಿಯಲಿಲ್ಲ.

ಹಗಲಿನ ಪ್ರಶ್ನೆಗಳಿಗೆ ಕಾರ್ಖಾನೆಯಲ್ಲೇ ಉತ್ತರ ಒತ್ತುತ್ತಿದ್ದರು. ಸಂಜೆಯದು ಮನೆಗೆ ಬಂದ ಮೇಲೆ ಬರುತ್ತಿತ್ತು. ಸಣ್ಣ ಅಕ್ಷರ ಕಣ್ಣಿಗೆ ಕಾಣುವುದಿಲ್ಲವೆಂದು ಮೊಬೈಲನ್ನು ನನ್ನ ಕಡೆ ಚಾಚುತ್ತಿದ್ದರು. ನಾನು ಒಲೆಯ ಉರಿ ಸಣ್ಣ ಮಾಡಿ ಬಂದು ಓದುತ್ತಿದ್ದೆ.

"ಈಗ ನಿಮ್ಮ ಮನಸ್ಸು ಹೇಗಿದೆ ಅಂತ ಕೇಳಾಕತ್ತೈತ್ರಿ. ಖುಷಿ, ಬ್ಯಾಸರ, ಸಿಟ್ಟು, ದುಃಖ."

"ದುಃಖ ಒತ್ತು."

ಆ ಶಬ್ದವನ್ನು ಅವರ ಬಾಯಿಂದ ಅದೇ ಮೊದಲ ಸಲ ಕೇಳಿದ್ದು. ಬೆರಳು ಅಲ್ಲೇ ನಿಂತಿತು. ಆಮೇಲೆ ಒತ್ತಿದೆ.

"ಸೇದುವಾಗ ಜೊತೆಗೆ ಯಾರಿದ್ರು?"

"ಯಾರೂ ಇಲ್ಲ."

"ಕಾರಣ? ದಣಿವು, ಚಟ, ಗೆಳೆಯರ ಸಹವಾಸ, ಬೇರೆ."

"ಬ್ಯಾರೆ."

"ಬ್ಯಾರೆ ಅಂದ್ರ ಏನ್ರಿ?"

"ಅದನ್ನ ಅದು ಕೇಳಿಲ್ಲಲ್ಲ. ಒತ್ತು, ಸಾಕು."

ದಿನಾ ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಉತ್ತರ. ಆದರೂ ಆ ಟಿಣ್ ಶಬ್ದಕ್ಕೆ ನಾನು ಕಾಯತೊಡಗಿದೆ. ಇಡೀ ದಿನದಲ್ಲಿ ನಾವಿಬ್ಬರು ಆಡುತ್ತಿದ್ದ ಮಾತು ಅಷ್ಟೇ.

ಅಧ್ಯಯನ ಮುಗಿಯುವ ಮುಂಚೆ ಸಂಶೋಧನೆಯ ಹುಡುಗಿ ಮಹಾಂತೇಶ ನಗರದ ನಮ್ಮ ಮನೆಗೆ ಬಂದಳು. ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಲ್ಯಾಪ್‌ಟಾಪ್ ತೆರೆಯುವ ಮುಂಚೆ ನನ್ನ ಕಡೆ ನೋಡಿ, "ಕಾಕೂ ಇಲ್ಲೇ ಇದ್ರ ನಡಿತೈತೇನ್ರಿ ಕಾಕಾ?" ಎಂದು ಕೇಳಿದಳು. "ಇರ್ಲಿ," ಎಂದರು ಇವರು.

ಪರದೆಯ ಮೇಲೆ ಬೆಳಗಾವಿಯ ನಕ್ಷೆ ಇತ್ತು. ಇವರು ಸೇದಿದಲ್ಲೆಲ್ಲ ಕೆಂಪು ಚುಕ್ಕೆ. ಕಾರ್ಖಾನೆಯ ಗೇಟಿನ ಹತ್ತಿರ, ಚಹಾದಂಗಡಿಯ ಮುಂದೆ ಒಂದಿಷ್ಟು. ಎಲ್ಲಕ್ಕಿಂತ ದಟ್ಟವಾದದ್ದು ಊರ ಹೊರಗೆ, ಖಾನಾಪುರ ರಸ್ತೆಯಲ್ಲಿತ್ತು. ಹುಡುಗಿ ಅದರ ಮೇಲೆ ಬೆರಳಿಟ್ಟಳು.

"ನಿಮ್ಮ ಮನಿ ಈ ಕಡೆ ಅದ, ಕಾರ್ಖಾನೆ ಇಲ್ಲೇ ಅದ. ಡ್ಯೂಟಿ ಮುಗಿದ ಮ್ಯಾಲೆ ನೀವು ಉಲ್ಟಾ ದಾರಿ ಹಿಡಿದು ಇಲ್ಲಿಗೆ ಹೋಗತೀರಿ. ಅಲ್ಲಿ ಅಂಗಡಿ ಇಲ್ಲ, ಮನಿ ಇಲ್ಲ. ಹೇಳೂದು ಬ್ಯಾಡ ಅನಸಿದ್ರ ಬಿಡ್ರಿ."

ತಡವಾಗಿ ಬಂದಾಗಲೆಲ್ಲ ಓವರ್‌ಟೈಮ್ ಇತ್ತೆಂದು ನನಗೆ ಹೇಳುತ್ತಿದ್ದರು.

"ಅಲ್ಲೇ ನನ್ನ ಮಗಳು ಸತ್ತಳ್ರಿ," ಎಂದರು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಇವರು ಅವಳನ್ನೇ ನೋಡುತ್ತ ಮುಂದುವರಿಸಿದರು. ನನ್ನ ಕಡೆ ತಿರುಗಲಿಲ್ಲ. "ಗಾಡಿ ಪಂಕ್ಚರ್ ಆಗಿರ್ಲಿಲ್ಲ. ಸಿಗರೇಟ್ ಸೇದಾಕ ನಿಲ್ಲಿಸಿದ್ನಿ. 'ಪಪ್ಪಾ, ನಡೀರಿ, ಮನಿಗೆ ಹೋಗೂಣು' ಅಂದ್ಲು. ಇದೊಂದು ಮುಗೀಲಿ ಅಂದ್ನಿ. ಆಕಿಗೆ ಹೊಗಿ ಆಗತಿರ್ಲಿಲ್ಲ. ಹೊಗಿ ತಪ್ಪಸಾಕ ಗಾಡಿಯ ಆ ಬಾಜು ಸರದು ನಿಂತ್ಲು. ರೋಡಿನ ಕಡಿ."

ಹೊರಗೆ ತಳ್ಳುಗಾಡಿಯವನು ಈರುಳ್ಳಿ ಕೂಗುತ್ತ ಹೋದ. ಹುಡುಗಿಯ ಕಣ್ಣು ತುಂಬಿದ್ದವು. "ನಿಮ್ಮನ್ನ ಈ ಅಧ್ಯಯನದಾಗಿಂದ ಬಿಡಸ್ಲೇನ್ರಿ ಕಾಕಾ?" ಎಂದಳು.

"ಬ್ಯಾಡವಾ. ಕೇಳ್ರಿ. ಯಾರರ ಕೇಳಲಿ."

ನಾನು ಎದ್ದು ಚಹಾಕ್ಕಿಟ್ಟೆ. ಹುಡುಗಿ ಹೋದ ಮೇಲೆ ಕೇಳಿದೆ, "ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಈ ಮನ್ಯಾಗ ಇರತಿದ್ದೇನು?"

ಇರುತ್ತಿದ್ದೆನೋ ಇಲ್ಲವೋ, ನನಗೂ ಗೊತ್ತಿರಲಿಲ್ಲ.

ಸಿಟ್ಟು ಆ ದಿನ ಬರಲಿಲ್ಲ. ಕೆಲವು ದಿನಗಳಾದ ಮೇಲೆ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಪಕ್ಕದಲ್ಲಿದ್ದವನೊಬ್ಬ ಬೀಡಿ ಹಚ್ಚಿದ. ನಾನು ಸರಿದು ನಿಂತೆ. ನಿಂತ ಮೇಲೆ ನೋಡಿದರೆ ನಡುರಸ್ತೆಗೆ ಬಂದಿದ್ದೆ. ಆಟೋದವನು ಹಾರ್ನ್ ಹೊಡೆದು ಬೈದು ಹೋದ. ಅಲ್ಲೇ ಸಿಟ್ಟು ಬಂತು. ಮನೆಗೆ ಬಂದು ಅಡುಗೆ ಮಾಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಸಂಜೆ ಟಿಣ್ ಎಂದಿತು. ಇವರು ಮೊಬೈಲು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಅದನ್ನು ದೂರಕ್ಕೆ ಹಿಡಿದು, ಹತ್ತಿರಕ್ಕೆ ತಂದು, ತಾವೇ ಏನೋ ಒತ್ತಿದರು. ಹೀಗೆಯೇ ವಾರ ಕಳೆಯಿತು. ಒಂದು ಸಂಜೆ ಆ ಒದ್ದಾಟವನ್ನು ನೋಡಲಾರದೆ ಮೊಬೈಲನ್ನು ಕೈಯಿಂದ ಕಸಿದುಕೊಂಡು ಓದಿದೆ. ಅದು ಕ್ಷಮೆ ಅಲ್ಲ. ಕ್ಷಮಿಸಿದ್ದೇನೆಂದು ಇವತ್ತಿಗೂ ಹೇಳಲಾರೆ.

ಅಧ್ಯಯನ ಮುಗಿಯಿತು. ಆ್ಯಪ್ ಸುಮ್ಮನಾಯಿತು. ಆಮೇಲೆ ಒಂದು ಭಾನುವಾರ ನಾನೇ ಬೈಕಿನ ಹಿಂದೆ ಕೂತು ಆ ಜಾಗಕ್ಕೆ ಹೋದೆ. ಅಲ್ಲಿ ಏನೂ ಇರಲಿಲ್ಲ. ಒಂದು ವಿದ್ಯುತ್ ಕಂಬ, ಚರಂಡಿ, ಧೂಳು ಹಿಡಿದ ಹುಲ್ಲು. ಗೋವಾ ಕಡೆಯ ಲಾರಿಗಳು ಗಾಳಿ ಎಬ್ಬಿಸಿ ಹೋಗುತ್ತಿದ್ದವು. ಇವರು ಸಿಗರೇಟು ಹಚ್ಚಿದರು. ನಾನು ಹೊಗೆಯಲ್ಲೇ ನಿಂತೆ.

ಇವರು ಈಗಲೂ ಸೇದುತ್ತಾರೆ. ಓವರ್‌ಟೈಮ್ ಎಂಬ ಸುಳ್ಳು ಮಾತ್ರ ನಿಂತುಹೋಗಿದೆ. ಕೆಲವು ಸಂಜೆ ಚಪ್ಪಲಿ ಬಿಡುತ್ತಲೇ, "ಇವತ್ತ ಅಲ್ಲಿಗೆ ಹೋಗಿದ್ನಿ," ಎನ್ನುತ್ತಾರೆ.

"ಹೂಂ," ಎಂದು ನಾನು ತಾಟು ಹಾಕುತ್ತೇನೆ.