ಹಳದಿ ಚಿಗುರಿನ ಬೆನ್ನುಹತ್ತಿದ ಸೌಹಾ

ಬೆಳಗಿನ ಆರು ಗಂಟೆ. ದಕ್ಷಿಣ ಚೀನಾದ ಸಿನ್‌ಹುಯಿಯ ಕಿತ್ತಳೆ ತೋಟಗಳ ಮೇಲೆ ಮಂಜು ಇನ್ನೂ ಕವಿದಿದೆ. ಲ್ಯಾಂಗ್ ಸೌಹಾ ಒಂದು ಎಲೆಯನ್ನು ಬೆಳಕಿಗೆ ಹಿಡಿದು, ನಡುನರದ ಎಡಬಲಗಳನ್ನು ಹೋಲಿಸುತ್ತಾರೆ. ಎರಡೂ ಬದಿ ಒಂದೇ ತೆರನಾಗಿ ಹಳದಿಯಾಗಿದ್ದರೆ ಗೊಬ್ಬರ ಸಾಲದು ಎಂದರ್ಥ. ಮಚ್ಚೆ ಅಡ್ಡಾದಿಡ್ಡಿಯಾಗಿದ್ದರೆ ಹಳದಿ ಚಿಗುರು ರೋಗ. ಅದಕ್ಕೆ ಮದ್ದಿಲ್ಲ. ಎಳ್ಳುಕಾಳಿನಷ್ಟಿರುವ ಜಿಗಿಹೇನು ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ಚಳಿಗೆ ಅದು ಮರಗಟ್ಟಿ ಕೂತಿರುವ ಈ ಹೊತ್ತಿನಲ್ಲೇ ಹುಡುಕಬೇಕು.

ಐವತ್ತೇಳರ ಈ ಮಹಿಳೆ ಹನ್ನೊಂದು ವರ್ಷದಿಂದ ಊರಿನ ಸಂಘದ ಪರವಾಗಿ ದಿನಕ್ಕೆ ನಾನೂರು ಮರ ನೋಡುತ್ತಾರೆ. ರೋಗ ತಗುಲಿದ ಮರ ಕಡಿಸುವ ಅವರನ್ನು ಕಂಡರೆ ಜನ ಮುಖ ತಿರುಗಿಸುತ್ತಾರೆ.

ಇವತ್ತಿನ ತೋಟ ಎಪ್ಪತ್ತರ ಹೋ ಕಾಮ್‌ವಿಂಗ್ ಅವರದು. ಎಲೆಗಳೆಲ್ಲ ಹಸಿರು. ಆದರೆ ಒಂದು ಮರದ ಕೊಂಬೆಯ ತುದಿಯಲ್ಲಿ ಕತ್ತರಿಯ ಗಾಯವಿದೆ. ಅದರ ಕೆಳಗೆ ಎಳೆ ಚಿಗುರು, ಚಿಗುರಿನ ಮೇಲೆ ಬಾಲವೆತ್ತಿ ಕೂತ ಮೂರು ಹೇನು.

“ಮಾವ, ಇಲ್ಲೇನಿತ್ತು?”

“ಒಣಕಲು ಕಡ್ಡಿ. ನಿನ್ ಕಣ್ಣಿಗೆ ಬರೀ ಸಾವೇ ಕಾಣೋದು.”

“ಹಳದಿ ಚಿಗುರು ಕತ್ತರಿಸಿ ಮುಚ್ಚಿಟ್ರಿ. ಈಗ ಹೊಸ ಚಿಗುರು ಬಂದಿದೆ. ಮೊಟ್ಟೆ ಇಡೋಕೆ ಹೇನಿಗೆ ಅದೇ ಬೇಕಿತ್ತು. ನೀವೇ ಹೇನಿಗೆ ಬಾಣಂತನ ಮಾಡ್ದಂಗಾಯ್ತು.”

ಹೋ ನಗುವುದಿಲ್ಲ. ಮೊಮ್ಮಗಳು ಹುಟ್ಟಿದ ವರ್ಷ ನೆಟ್ಟ ಮರವಿದು. ಹಳತಾದಷ್ಟೂ ಬೆಲೆಯೇರುವ ಸಿಪ್ಪೆಯನ್ನು ಪ್ರತಿ ಫಸಲಿನಲ್ಲೂ ಒಣಗಿಸಿ ಅವಳ ಮದುವೆಗೆಂದು ಎತ್ತಿಟ್ಟಿದ್ದಾರೆ. “ಮುಂದಿನ ವರ್ಷವೇ ಮದುವೆ. ಇದೊಂದು ಫಸಲು ತಡ್ಕೊಳಮ್ಮ.”

ಯಜಮಾನರು ಒಪ್ಪದೆ ಮರ ಕಡಿಯುವಂತಿಲ್ಲ. ಬಿಸಿಲೇರಿದರೆ ಹೇನು ಹಾರುತ್ತದೆ. ಬೇಲಿಯಾಚೆ ಹತ್ತೊಂಬತ್ತು ಮನೆಗಳ ಮೂರು ಸಾವಿರ ಮರಗಳಿವೆ. ಸೌಹಾ ಬೆನ್ನಿಗೆ ಕಟ್ಟಿದ, ಹೇನು ಕೊಲ್ಲುವ ಔಷಧಿಯ ಡಬ್ಬಿ ಇಳಿಸದೆ ನಿಂತೇ ಇದ್ದಾರೆ. ಮಂಜು ತೆಳುವಾಗುತ್ತಿದೆ.

“ನಾನೂ ಹಿಂಗೇ ಚಿಗುರು ಕತ್ತರಿಸಿ ಮುಚ್ಚಿಟ್ಟಿದ್ದೆ, ಮಾವ,” ಎನ್ನುತ್ತಾರೆ ಕೊನೆಗೆ. “ನಮ್ಮ ಇನ್ನೂರು ಮರ ಹೋಯ್ತು. ಪಕ್ಕದ ಮನೆಯೋರದ್ದೂ ಹೋಯ್ತು. ಇವತ್ತಿಗೂ ಅವರು ನನ್ನ ಕೈಯಿಂದ ಚಹಾ ಮುಟ್ಟಲ್ಲ.”

ಹೋ ಬೇಲಿಯಾಚೆ ನೋಡುತ್ತಾರೆ. ಅಲ್ಲಿ ಯಾರೋ ಒಲೆ ಹಚ್ಚಿದ್ದಾರೆ.

“ಔಷಧಿ ಹೊಡಿ. ಗರಗಸ ಮಾತ್ರ ನಾನೇ ಹಿಡೀತೀನಿ.”

ಮೊದಲು ಔಷಧಿ, ಆಮೇಲೆ ಗರಗಸ. ಅದಲುಬದಲಾದರೆ ಹೇನು ಚದುರುತ್ತದೆ. ಮರ ಉರುಳಿದ ಮೇಲೆ ಹೋ ಅಲ್ಲೇ ನೆಲಕ್ಕೆ ಕೂರುತ್ತಾರೆ. ಸೌಹಾ ಬೇಲಿಯಾಚೆಯ ಮೊದಲ ಸಾಲನ್ನು ಎಲೆ ಎಲೆಯಾಗಿ ನೋಡಿ ಬರುವಾಗ ಬಿಸಿಲು ಪೂರ್ತಿ ಏರಿದೆ.

“ಒಂದು ಹೇನೂ ಇಲ್ಲ,” ಎಂದು ಹೋ ಪಕ್ಕದಲ್ಲಿ ಕೂರುತ್ತಾರೆ. “ನಾನು ಕಡಿಸಿದ ಮರ ಎಲ್ಲರೂ ಎಣಿಸ್ತಾರೆ, ಮಾವ. ಅದ್ರಿಂದ ಉಳಿದಿದ್ದನ್ನ ಯಾರೂ ಎಣಿಸಲ್ಲ. ಇರ್ಲಿ ಬಿಡಿ, ನಾನು ಎಣಿಸಿದೀನಿ.”